ತಿದ್ದದೆ ಬಿಟ್ಟ ಗೀಟು

ಶಿವನಿಯಿಂದ ಬರುವ ಎಂಟು ಗಂಟೆಯ ಬಸ್ಸಿಗೆ ಪ್ರಿಯಾಂಕಾ ಬಂದಿಳಿಯುತ್ತಾಳೆ ಎಂಬುದು ನೆನಪಾದದ್ದೇ ಯಶೋದಾಳಿಗೆ ಕೈಯಲ್ಲಿದ್ದ ರೊಟ್ಟಿಹಿಟ್ಟಿನ ಮೇಲೆ ಸಿಟ್ಟು ಬಂತು. ಹಿಟ್ಟು ಬಿಸಿನೀರಿಗೆ ಹೊಂದದೆ ಗಂಟುಗಂಟಾಗಿತ್ತು. ಅದನ್ನು ಹಿಸುಕಿ ಹಿಸುಕಿ, ಹಿಸುಕುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ಗೊತ್ತಾದ ಮೇಲೂ ಹಿಸುಕುತ್ತಾ, ಬರಬೇಡ ಎಂದು ನಿನ್ನೆಯೇ ಹೇಳಿಬಿಡಬಹುದಾಗಿತ್ತಲ್ಲ ಎಂದುಕೊಂಡಳು. ಹೇಳಿರಲಿಲ್ಲ. ‘ಮೇಡಂ, ನಾಳೆ ಹನ್ನೊಂದಕ್ಕೆ ನನ್ ಡೆಮೋ. ಒಂದ್ಸಲ ನೋಡ್ಕೊಟ್ಬಿಡಿ. ನೀವು ಸರಿ ಅಂದ್ಬಿಟ್ರೆ ನಂಗೆ ಧೈರ್ಯ’ ಎಂದು ಆ ಹುಡುಗಿ ಫೋನಿನಲ್ಲಿ ಕೇಳಿದಾಗ ‘ಬಾ’ ಎಂದಿದ್ದಳು. ಹಾಗೆ ಎನ್ನುವಾಗ ತನ್ನ ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂಬುದು ಅವಳ ಕಿವಿಗೇ ಕೇಳಿಸಿತ್ತು, ಕೇಳಿಸಿ ಅಸಹ್ಯವಾಗಿತ್ತು. ಕನ್ನಡದ ಮೂಲಕ ಸ್ಪ್ಯಾನಿಷ್ ಕಲಿಸುವ ಆನ್‌ಲೈನ್ ಕಂಪನಿಯೊಂದಕ್ಕೆ ಒಬ್ಬ ಶಿಕ್ಷಕಿ ಬೇಕಾಗಿದ್ದಳು. ಒಬ್ಬಳೇ. ಆ ಜಾಹೀರಾತನ್ನು ತಿಂಗಳ ಹಿಂದೆ ಮೊಬೈಲಿನಲ್ಲಿ ತೋರಿಸಿ ‘ಹಾಕ್ಲಾ ಮೇಡಂ?’ ಎಂದು ಕೇಳಿದವಳು ಪ್ರಿಯಾಂಕಾಳೇ. ‘ಹಾಕು’ ಎಂದು ಹರಸಿ, ಅವಳು ಬೀದಿ ತಿರುವು ದಾಟುವುದರೊಳಗೆ ಯಶೋದಾ ತಾನೂ ಅರ್ಜಿ ಹಾಕಿದ್ದಳು. ಕೊನೆಯ ಸುತ್ತಿಗೆ ಇಬ್ಬರೂ ಉಳಿದಿದ್ದರು. ಡೆಮೋ ಪಾಠಕ್ಕೆ ಇಬ್ಬರಿಗೂ ಒಂದೇ ವಿಷಯ ಬಂದಿತ್ತು: ಸ್ಪ್ಯಾನಿಷಿನಲ್ಲಿ ಕ್ರಿಯಾವಿಶೇಷಣಗಳನ್ನು ಮಾಡುವ ಬಗೆ. ಅವಳದು ಹನ್ನೊಂದು ಗಂಟೆಗೆ, ತನ್ನದು ಮೂರಕ್ಕೆ. ಪ್ರಿಯಾಂಕಾಳಿಗೆ ಇದು ಯಾವುದೂ ಗೊತ್ತಿರಲಿಲ್ಲ.

‘ಇವತ್ತೂ ಇದ್ಯೇನೇ ಮೆಂತೆಸೊಪ್ಪಿನ ಪಾಠ?’ ಎಂದ ಕಾಂತರಾಜ್, ತಟ್ಟೆಯ ಮುಂದೆ ಕೂತು. ಈರುಳ್ಳಿ ಮಂಡಿಗೆ ಹೊರಡುವ ಮೊದಲು ಹೆಂಡತಿಯನ್ನು ಒಂದು ಸಲ ಕುಟುಕಿ ಹೋದರೆ ಅವನಿಗೆ ದಿನ ಸಲೀಸು. ಸ್ಪ್ಯಾನಿಷಿನ ಕ್ರಿಯಾವಿಶೇಷಣಗಳ ತುದಿಗೆ ‘ಮೆಂತೆ’ ಎಂಬ ಬಾಲ ಇರುತ್ತದೆಂದು ಮದುವೆಯಾದ ಹೊಸತರಲ್ಲಿ, ಗಂಡನಿಗೆ ತನ್ನ ಒಂದು ಗುಟ್ಟು ಕೊಡುವವಳಂತೆ ಅವಳೇ ಹೇಳಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂದಿನಿಂದ ಹದಿನೆಂಟು ವರ್ಷವಾದರೂ ಆ ನಗೆ ಹಳಸಿರಲಿಲ್ಲ. ನೆಂಟರ ಮದುವೆಗಳಲ್ಲಿ, ಛತ್ರದ ಊಟದ ಪಂಕ್ತಿಯಲ್ಲಿ, ‘ನಮ್ಮನೇವ್ಳಿಗೆ ಸ್ಪೇನ್ ಭಾಷೆ ಬತ್ತದೆ ಕಣ್ರೀ, ಮೆಂತೆ ಮೆಂತೆ ಅಂತಾಳೆ’ ಎಂದು ಅವನೂ, ‘ಎಲ್ಲಿ, ಒಂದ್ಮಾತು ಆಡಮ್ಮ’ ಎಂದು ಎದುರು ಕೂತ ಯಾರೋ ಹಿರಿಯರೂ ಅನ್ನುವಾಗ, ಅವಳು ಕರಡಿ ಆಡಿಸುವವನ ಕರಡಿಯಂತೆ ಒಂದು ವಾಕ್ಯ ಆಡಿ ತೋರಿಸಿದ್ದೂ ಉಂಟು. ಆದರೆ ನಾಚಿಕೆಯ ಅಡಿಯಲ್ಲಿ ಒಂದು ಸುಖವಿತ್ತು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕಿನಲ್ಲಿ ಆ ಭಾಷೆ ಬರುವವಳು ತಾನೊಬ್ಬಳೇ. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕಾಯಂ ಆಗದ ಇಂಗ್ಲಿಷ್ ಮೇಡಮ್ಮಾದ ತನಗೆ ಮೂಲೆಯ ಕುರ್ಚಿ, ಕಾಲು ಅಲ್ಲಾಡುವ ಮೇಜು, ಇರಲಿ. ಮೈಸೂರಿನಲ್ಲಿ ಮದುವೆಗೆ ಮುಂಚೆ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಕಲಿತದ್ದನ್ನು ಇವರು ಯಾರೂ ಕಿತ್ತುಕೊಳ್ಳಲಾರರು. ಆ ತರಗತಿಯ ಮೇಷ್ಟರು ಗೋವೆಯ ಕಡೆಯ ಮುದುಕರು, ಕನ್ನಡವನ್ನು ಕೊಂಕಣಿಯ ರಾಗದಲ್ಲಿ ಆಡುತ್ತಿದ್ದರು. ವಿಶೇಷಣವನ್ನು ಮೊದಲು ಹೆಣ್ಣು ಮಾಡಿಕೊಳ್ಳಿ ಎನ್ನುತ್ತಿದ್ದರು. ಲೆಂತೊ ಅಂದರೆ ನಿಧಾನದವನು. ಲೆಂತಾ, ನಿಧಾನದವಳು. ಆ ಹೆಣ್ಣನ್ನು ಮೆಂತೆಯ ಮನೆಗೆ ಕೊಟ್ಟರೆ ಲೆಂತಾಮೆಂತೆ: ನಿಧಾನವಾಗಿ. ಮೆಂತೆ ಅಂದರೆ ಬಹಳ ಹಿಂದೆ ಮನಸ್ಸು ಎಂದೇ ಅರ್ಥವಿತ್ತು, ಯಾವ ಕೆಲಸವನ್ನೂ ಒಂದು ಮನಸ್ಸಿನಿಂದಲೇ ತಾನೇ ಮಾಡುವುದು ಎನ್ನುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತು ಇಪ್ಪತ್ತೆರಡು ವರ್ಷದ ಯಶೋದಾ ಅದನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದಳು.

‘ರೊಟ್ಟಿ ಸೀದೋಯ್ತು’ ಎಂದ ಕಾಂತರಾಜ್. ತವದ ಮೇಲಿನ ಹೊಗೆ ಅವಳ ಮುಖಕ್ಕೇ ಬರುತ್ತಿತ್ತು.

ಅವನು ಬೈಕು ಹತ್ತಿ ಹೋದ ಐದು ನಿಮಿಷಕ್ಕೆ ಗೇಟು ಕಿರುಗುಟ್ಟಿತು. ಪ್ರಿಯಾಂಕಾ ಇಸ್ತ್ರಿ ಮಾಡಿದ ನೀಲಿ ಚೂಡಿದಾರ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು. ತರೀಕೆರೆಯ ಬಸ್‌ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷದಿಂದ ಅವಳು ಸೇಲ್ಸಿಗಿದ್ದಳು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಇವತ್ತು ರಜ ಕೇಳಿದ್ದಕ್ಕೆ ಮಾಲೀಕ, ರಜ ಹಾಕಿದರೆ ಸೋಮವಾರದಿಂದ ಬರಲೇಬೇಡ ಎಂದಿದ್ದನಂತೆ. ‘ಹಾಕ್ಬಿಟ್ಟೆ ಮೇಡಂ’ ಎಂದು ನಕ್ಕಳು. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂರದೆ, ಎಂದಿನಂತೆ ಗೋಡೆಗೊರಗಿ ಚಾಪೆಯ ಮೇಲೆ ಕೂತಳು. ಯಶೋದಾ ಕಾಫಿ ಕೊಟ್ಟಳು. ಅಂಚು ನೆಗ್ಗಿದ ಆ ಸ್ಟೀಲ್ ಲೋಟ ಪ್ರಿಯಾಂಕಾಳದು ಎಂದು ಈ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಆದರೂ ಮೂರು ವರ್ಷದಿಂದ ಅದರಲ್ಲೇ ಕುಡಿದು, ತಾನೇ ತೊಳೆದು, ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದಳು. ಬಿಡೇ, ನಾನು ತೊಳೀತೀನಿ ಎಂದು ಯಶೋದಾ ಒಮ್ಮೆಯೂ ಅಂದಿರಲಿಲ್ಲ. ರೈಲ್ವೆ ಹಳಿ ನೋಡಿಕೊಳ್ಳುವ ಬೀರಯ್ಯನ ಮಗಳು; ಎರಡನೇ ಬಿ.ಎ.ಯಲ್ಲಿ ಕೊನೆಯ ಬೆಂಚಿನಿಂದ ಎದ್ದು, ‘ಮೇಡಂ, ನಿಮಗೆ ಬರೋ ಆ ಭಾಷೆ ನಂಗೂ ಹೇಳ್ಕೊಡ್ತೀರಾ?’ ಎಂದವಳು. ಭಾನುವಾರಗಳು ಆಗ ಎಷ್ಟು ಚೆನ್ನಾಗಿದ್ದವು. ಯಶೋದಾ ಹೇಳಿದ್ದೆಲ್ಲ ವೇದವಾಕ್ಯ. ಮೊದಲ ವರ್ಷ ಅವಳಿಗೊಂದು ಮಗು ಸಿಕ್ಕಂತಾಗಿತ್ತು. ಆಮೇಲೆ ಮಗು ಮೊಬೈಲಿನಲ್ಲಿ ಸ್ಪ್ಯಾನಿಷ್ ಫುಟ್ಬಾಲ್ ಕಾಮೆಂಟರಿ, ರೇಡಿಯೊ, ಅಡುಗೆ ತೋರಿಸುವ ಹೆಂಗಸರ ಮಾತು ಎಲ್ಲ ಕೇಳತೊಡಗಿತು. ಬಟ್ಟೆ ಮಡಿಸುತ್ತಾ ಕಿವಿಗೆ ಸಿಕ್ಕಿಸಿಕೊಂಡು ದಿನಕ್ಕೆ ಎಂಟು ಗಂಟೆ ಕೇಳಿತು.

ಕಳೆದ ವರ್ಷ ಕಾಲೇಜಿನಿಂದ ಅಮೃತಾಪುರದ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹಳೆಯ ವಿದ್ಯಾರ್ಥಿನಿ ಎಂದು ಇವಳೂ ಬಂದಿದ್ದಳು. ಬಿಸಿಲಿಗೆ ಟೋಪಿ ಹಾಕಿದ ವಿದೇಶಿ ದಂಪತಿಗಳು ಗೋಡೆಯ ಶಿಲ್ಪ ನೋಡುತ್ತಾ ತಮ್ಮತಮ್ಮಲ್ಲಿ ಮಾತಾಡುವುದು ಕಿವಿಗೆ ಬಿದ್ದು, ಅದು ಸ್ಪ್ಯಾನಿಷ್ ಎಂದು ತಿಳಿದ ಕ್ಷಣ ಯಶೋದಾ ಸೆರಗು ಸರಿಮಾಡಿಕೊಂಡಿದ್ದಳು. ಇಪ್ಪತ್ತು ವರ್ಷ ಕಾದಿದ್ದ ಕ್ಷಣ. ಮುಂದೆ ಹೋಗಿ ನಮಸ್ಕಾರ ಹೇಳಿದಳು. ಆ ಹೆಂಗಸು ಸಂತೋಷದಿಂದ ಬಡಬಡನೆ ಏನೋ ಕೇಳಿದಳು. ಒಂದಕ್ಷರ ತಿಳಿಯಲಿಲ್ಲ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತಿದ್ದ ಪದಗಳು ಆ ಬಾಯಲ್ಲಿ ಒಂದಕ್ಕೊಂದು ಅಂಟಿಕೊಂಡು ಹರಿದುಹೋದವು. ‘ದೆಸ್ಪಾಸ್ಯೊ’ ಎಂದಳು ಯಶೋದಾ, ಮೆಲ್ಲಗೆ, ಮೆಲ್ಲಗೆ ಹೇಳಿ. ಹಿಂದೆ ನಿಂತಿದ್ದ ಪ್ರಿಯಾಂಕಾ ಅಷ್ಟರಲ್ಲಿ ಉತ್ತರ ಕೊಟ್ಟಾಗಿತ್ತು. ಕೊಟ್ಟು, ನಗಿಸಿ, ಆ ಗಂಡಸಿನ ಊರು ಯಾವುದೆಂದು ಕೇಳಿ, ತನ್ನ ಊರು ಹೇಳಿ, ಯಾರು ಕಲಿಸಿದರು ಎಂದು ಅವರು ಕೇಳಿದ್ದಕ್ಕೆ ಯಶೋದಾಳತ್ತ ಕೈ ತೋರಿಸಿದ್ದಳು. ಆಗ ಆ ಹೆಂಗಸು ಯಶೋದಾಳ ಕೈ ಹಿಡಿದುಕೊಂಡು, ಕಿವುಡರಿಗೆ ಹೇಳುವಂತೆ, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ನೀವು ತುಂಬಾ ಒಳ್ಳೆಯ ಟೀಚರ್ ಎಂದಳು. ಹಿಂದೆ ಹುಡುಗಿಯರು ಕಿಸಕ್ಕೆಂದರು. ಆ ನಗು ಯಾವುದಕ್ಕೋ ಏನೋ. ಬಸ್ಸಿನಲ್ಲಿ ಪ್ರಿಯಾಂಕಾ ಪಕ್ಕದಲ್ಲಿ ಕೂತು ‘ಅವ್ರು ತುಂಬ ಸ್ಪೀಡು ಅಲ್ವಾ ಮೇಡಂ, ನಂಗೂ ಅರ್ಧಂಬರ್ಧ’ ಎಂದಿದ್ದಳು. ಸುಳ್ಳು. ಅವಳ ಆ ಸುಳ್ಳನ್ನು ಯಶೋದಾ ಇವತ್ತಿಗೂ ಕ್ಷಮಿಸಿರಲಿಲ್ಲ.

‘ನೋಡಿ ಮೇಡಂ’ ಎಂದು ಪ್ರಿಯಾಂಕಾ ಯಾರಿಂದಲೋ ಎರವಲು ತಂದ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದಳು. ಒಟ್ಟು ಒಂಬತ್ತು ಸ್ಲೈಡು. ಚೆನ್ನಾಗಿತ್ತು, ಚೆನ್ನಾಗಿದೆ ಎಂಬುದು ಮೊದಲ ಸ್ಲೈಡಿಗೇ ಯಶೋದಾಳಿಗೆ ತಿಳಿದುಹೋಯಿತು. ‘ಅವನು ನಿಧಾನವಾಗಿ ಬಂದ’ ಎನ್ನುವಲ್ಲಿ ಕನ್ನಡದ ‘ಆಗಿ’ ಮಾಡುವ ಕೆಲಸವನ್ನು ಅಲ್ಲಿ ಮೆಂತೆ ಮಾಡುತ್ತದೆ ಎಂದು ಶುರುಮಾಡಿದ್ದಳು. ಚೆನ್ನಾಗಿ, ಕೆಟ್ಟದಾಗಿ ಎನ್ನುವುದಕ್ಕೆ ಮೆಂತೆ ಬೇಡ, ಬ್ಯೆನ್, ಮಾಲ್ ಎಂಬ ಬೇರೆಯೇ ಪದಗಳಿವೆ ಎಂದು ತೋರಿಸಿದ್ದಳು. ಎರಡು ಕ್ರಿಯಾವಿಶೇಷಣ ಜೋಡಿಯಾಗಿ ಬಂದರೆ ಬಾಲ ಕೊನೆಯದಕ್ಕೆ ಮಾತ್ರ, ಮೊದಲನೆಯದು ಹೆಣ್ಣಾಗಿ ಸುಮ್ಮನೆ ನಿಂತಿರುತ್ತದೆ ಎಂಬುದೂ ಇತ್ತು: ಲೆಂತಾ ಇ ಕ್ಲಾರಾಮೆಂತೆ, ನಿಧಾನವಾಗಿ ಸ್ಪಷ್ಟವಾಗಿ. ಯಶೋದಾ ಗಂಭೀರವಾಗಿ, ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು. ಕ್ರಿಯಾವಿಶೇಷಣ ಎಂಬಲ್ಲಿ ಒಂದು ಕಡೆ ‘ಷ’ದ ಬದಲು ‘ಶ’ ಬಿದ್ದಿತ್ತು. ‘ಇದೇನೇ ಇದು, ಕನ್ನಡವೇ ಬರಲ್ವಲ್ಲ ನಿಂಗೆ’ ಎಂದು ತಿದ್ದಿಸಿದಳು. ಹಳದಿ ಬಣ್ಣದ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲವೆಂದು ಅದನ್ನೂ ತಿದ್ದಿಸಿದಳು. ಏಳನೇ ಸ್ಲೈಡಿಗೆ ಬಂದಳು.

ರಾಪಿದೊ, ವೇಗದ; ಫಾಸಿಲ್, ಸುಲಭದ. ಎರಡರಲ್ಲೂ ಮೊದಲ ಸ್ವರದ ನೆತ್ತಿಗೆ ಒಂದು ಓರೆಗೀಟು ಇರುತ್ತದೆ, ಉಚ್ಚಾರದ ಒತ್ತು ಅಲ್ಲಿ ಬೀಳಬೇಕೆಂದು. ಅವುಗಳ ಕೆಳಗೆ ರಾಪಿದಾಮೆಂತೆ, ಫಾಸಿಲ್‌ಮೆಂತೆ. ಇಲ್ಲಿ ಗೀಟು ಇರಲಿಲ್ಲ. ಪಕ್ಕದಲ್ಲಿ ಚೌಕ ಹಾಕಿ ಪ್ರಿಯಾಂಕಾ ಬರೆದಿದ್ದಳು: ಮೆಂತೆ ಸೇರಿದಾಗ ಓರೆಗೀಟು ಬಿದ್ದುಹೋಗುತ್ತದೆ.

ತಪ್ಪು. ಶುದ್ಧ ತಪ್ಪು.

‘ಇದು ಮಾತ್ರ ನಾನೇ ಯೋಚ್ನೆ ಮಾಡಿ ಹಾಕಿದ್ದು ಮೇಡಂ’ ಎಂದಳು ಪ್ರಿಯಾಂಕಾ, ಮುಂದಕ್ಕೆ ಬಗ್ಗಿ. ‘ಒತ್ತು ಆಮೇಲೆ ಮೆಂ ಮೇಲೆ ಜಾಸ್ತಿ ಬೀಳುತ್ತಲ್ಲ, ಅಂದ್ಮೇಲೆ ಹಿಂದಿನ ಗೀಟು ಯಾಕೆ ಬೇಕು ಅಂತ. ಮೊಬೈಲಲ್ಲಿ ಮೆಸೇಜ್ ಮಾಡೋರು ಯಾರೂ ಹಾಕಲ್ಲ. ಸರೀನಾ?’

ಎಂಥ ಬುದ್ಧಿವಂತ ತಪ್ಪು ಎಂದುಕೊಂಡಳು ಯಶೋದಾ. ಕಿವಿಯಿಂದ ಕಲಿತವಳು ಮಾಡುವ ತಪ್ಪು. ತನ್ನಂತೆ ಕಣ್ಣಿನಿಂದ ಕಲಿತವಳು ಎಂದೂ ಮಾಡಲಾರದ್ದು. ಮೈಸೂರಿನ ಮೇಷ್ಟರ ದನಿ ಮೊನ್ನೆ ಕೇಳಿದಂತೆ ಕೇಳಿಸಿತು. ಹೆಣ್ಣನ್ನು ಮೆಂತೆಯ ಮನೆಗೆ ಕೊಟ್ಟಿರಿ, ಸರಿ. ಆದರೆ ತವರಿನಿಂದ ಇಟ್ಟುಕೊಂಡು ಬಂದ ಬೊಟ್ಟನ್ನು ಗಂಡನ ಮನೆಯವರು ಅಳಿಸುವ ಹಾಗಿಲ್ಲ. ಗೀಟಿದ್ದರೆ ಗೀಟು ಇರುತ್ತದೆ, ಇಲ್ಲದಿದ್ದರೆ ಇಲ್ಲ. ನಾಲಿಗೆಯ ತುದಿಯವರೆಗೆ ಬಂದಿತ್ತು. ಹುಡುಗಿಯ ಮುಖ ಬಹಳ ಹತ್ತಿರದಲ್ಲಿತ್ತು. ಕೆನ್ನೆಯ ಮೇಲೆ ಪೌಡರ್ ಸರಿಯಾಗಿ ಹರಡದೆ ಬೆಳ್ಳಗೆ ನಿಂತಿತ್ತು. ಗೋಡೆಯ ಶಿಲ್ಪದ ಮುಂದೆ ಈ ಮುಖವೇ ಅಲ್ಲವೇ ನಕ್ಕದ್ದು, ಈ ಬಾಯಿಯೇ ಅಲ್ಲವೇ ನಂಗೂ ಅರ್ಧಂಬರ್ಧ ಎಂದು ಕರುಣೆ ತೋರಿದ್ದು. ಬೀರಯ್ಯನ ಮಗಳು ತನಗೆ ಕರುಣೆ ತೋರುವಷ್ಟಾದಳು.

‘ಹೂಂ’ ಎಂದಳು ಯಶೋದಾ. ‘ಸರಿಯಾಗಿದೆ.’

‘ಅಬ್ಬಾ!’ ಎಂದು ಪ್ರಿಯಾಂಕಾ ಎದೆ ಮೇಲೆ ಕೈಯಿಟ್ಟುಕೊಂಡಳು. ‘ಅದೊಂದೇ ಡೌಟಿತ್ತು. ಮೇಡಂ, ಇನ್ನೊಂದು ಕೇಳ್ಲಾ? ಶಿವನೀಲಿ ನೆಟ್‌ವರ್ಕ್ ನಿಲ್ಲಲ್ಲ. ಡೆಮೋ ಇಲ್ಲೇ ನಿಮ್ ರೂಮಲ್ಲಿ ಕೂತ್ಕೊಂಡು ಕೊಟ್ಬಿಡ್ಲಾ?’

‘ನಮ್ಮನೇವ್ರ ಕಡೆಯೋರು ಯಾರೋ ಬರ್ತಾರೆ ಕಣೇ ಇವತ್ತು. ಗಲಾಟೆ.’

‘ಪರ್ವಾಗಿಲ್ಲ ಮೇಡಂ, ಕಂಪ್ಯೂಟರ್ ಸೆಂಟರಲ್ಲಿ ಕೇಳ್ತೀನಿ’ ಎಂದು ಎದ್ದವಳು ಬಗ್ಗಿ ಕಾಲು ಮುಟ್ಟಿದಳು. ಹಿಂದೆ ಎಂದೂ ಹಾಗೆ ಮಾಡಿದವಳಲ್ಲ. ಯಶೋದಾ ಎರಡು ಹೆಜ್ಜೆ ಹಿಂದೆ ಸರಿದರೂ ಅವಳ ಬೆರಳು ತಾಗಿಯೇ ತಾಗಿತು.

ಒಬ್ಬಳೇ ಉಳಿದ ಮೇಲೆ ಮನೆ ತುಂಬಾ ದೊಡ್ಡದಾಗಿ ಕಂಡಿತು. ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನು ಒರೆಸಿದಳು. ಒಂದು ಗೀಟು. ಸಾಸಿವೆಯಷ್ಟು ಕೂಡ ಇಲ್ಲ. ಅದನ್ನು ಯಾರು ನೋಡುತ್ತಾರೆ, ಪರೀಕ್ಷಿಸುವವರು ಮಾತಿನ ಓಟ ನೋಡುತ್ತಾರೆ, ಆ ವಿಷಯದಲ್ಲಿ ಹುಡುಗಿಯನ್ನು ಮೀರಿಸುವವರಿಲ್ಲ, ಹೇಗೂ ಅವಳಿಗೇ ಸಿಗುತ್ತದೆ, ಆಗ ನಾನು ಮಾಡಿದ್ದು ಏನೂ ಅಲ್ಲ ಎಂದಾಗುತ್ತದೆ ಎಂದು ಲೆಕ್ಕ ಹಾಕಿ, ಅವಳಿಗೇ ಸಿಗುತ್ತದೆ ಎಂಬ ಯೋಚನೆಗೆ ಮತ್ತೆ ಮೈ ಉರಿಯಿತು. ನಾನೇನು ಸುಳ್ಳು ಹೇಳಿಕೊಟ್ಟೆನೇ? ಅವಳೇ ತಂದ ತಪ್ಪು. ಪರೀಕ್ಷೆಯ ದಿನ ಬೆಳಿಗ್ಗೆ ಬಂದು ತಿದ್ದಿಕೊಡಿ ಎನ್ನುವುದು ಯಾವ ನ್ಯಾಯ? ಹತ್ತೂವರೆಗೆ ಮೊಬೈಲು ಕೈಗೆತ್ತಿಕೊಂಡು, ‘ಏಳನೇ ಸ್ಲೈಡಲ್ಲಿ ಗೀಟು ತೆಗೀಬೇಡ, ಇರುತ್ತೆ’ ಎಂದು ಟೈಪು ಮಾಡಿದಳು. ಕಳಿಸುವ ಮೊದಲು ಓದಿ ನೋಡಿದಳು. ಇದನ್ನು ಓದಿದವಳು ಬೆಳಿಗ್ಗೆ ಯಾಕೆ ಸರಿ ಅಂದಿರಿ ಎಂದು ಕೇಳದೆ ಇರುತ್ತಾಳೆಯೇ? ಮರೆತಿದ್ದೆ ಎನ್ನಬೇಕು. ಮೇಡಂಗೆ ಮರೆತುಹೋಗಿತ್ತಂತೆ, ವಯಸ್ಸಾಯಿತು, ಪಾಪ. ಆ ‘ಪಾಪ’ ಅವಳಿಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಒಂದೊಂದೇ ಅಕ್ಷರವನ್ನು ಹಿಂದಿನಿಂದ ಅಳಿಸುತ್ತಾ ಬಂದಳು. ಹನ್ನೊಂದು ಹೊಡೆಯುವಾಗ ಸ್ನಾನದ ನೀರು ಮೈಮೇಲೆ ಸುರಿದುಕೊಳ್ಳುತ್ತಿದ್ದಳು, ಬೇರೆ ಶಬ್ದ ಕೇಳಿಸದಿರಲೆಂದು.

ಮೂರು ಗಂಟೆಗೆ ರೂಮಿನ ಬಾಗಿಲು ಹಾಕಿಕೊಂಡು, ಹಿಂದಿನ ಬಟ್ಟೆ ಸ್ಟ್ಯಾಂಡನ್ನು ಮಂಚದ ಮರೆಗೆ ಸರಿಸಿ, ರೇಷ್ಮೆಯಂಚಿನ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು. ಪರದೆಯಲ್ಲಿ ಬಂದವಳು ಕೂದಲು ಕತ್ತರಿಸಿಕೊಂಡ ಬೆಂಗಳೂರಿನ ಹೆಂಗಸು, ಮೂವತ್ತು ದಾಟಿರಲಿಕ್ಕಿಲ್ಲ. ಮೊದಲ ಐದು ನಿಮಿಷ ಯಶೋದಾ ಪುಸ್ತಕದ ವಾಕ್ಯಗಳನ್ನೇ ಒಪ್ಪಿಸಿದಳು. ಆ ಹೆಂಗಸು ಸ್ಪ್ಯಾನಿಷಿನಲ್ಲಿ ಕೇಳಿದ ಎರಡನೇ ಪ್ರಶ್ನೆ ಅರ್ಥವಾಗದೆ ಮತ್ತೊಮ್ಮೆ ಕೇಳಿಸಿಕೊಳ್ಳಬೇಕಾಯಿತು. ಪರದೆಯ ಮುಖದಲ್ಲಿ ಬೇಸರ ಮೂಡುವುದನ್ನು ಕಂಡಳು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಆಕೆ ಕನ್ನಡಕ್ಕೆ ಹೊರಳಿ, ‘ಮೇಡಂ, ಒಂದು ಸಣ್ಣ ವಿಷಯ. ಬೆಳಿಗ್ಗೆ ಒಬ್ಬರು ಕ್ಯಾಂಡಿಡೇಟು, ಮೆಂತೆ ಸೇರಿದಾಗ ಆಕ್ಸೆಂಟ್ ಮಾರ್ಕ್ ಹೋಗುತ್ತೆ ಅಂತ ವಾದಾನೇ ಮಾಡಿದ್ರು. ನೀವಾದ್ರೆ ಇದನ್ನ ಮಕ್ಕಳಿಗೆ ಹೇಗೆ ಹೇಳ್ತೀರಾ?’ ಎಂದಳು.

ಯಶೋದಾ ಹೇಳಿದಳು. ಹೆಣ್ಣನ್ನು ಕೊಡುವುದು, ಮೆಂತೆಯ ಮನೆ, ತವರಿನ ಬೊಟ್ಟು. ಮೇಷ್ಟರ ಮಾತೆಂದು ಹೇಳಲಿಲ್ಲ, ತನ್ನದೇ ಎಂಬಂತೆ ಹೇಳಿದಳು. ಮಾತು ತಾನಾಗಿ ಬಂತು, ಕೈ ಕೂಡ ಆಡಿತು. ಪರದೆಯ ಹೆಂಗಸು ‘ಅಯ್ಯೋ, ಎಷ್ಟು ಚೆನ್ನಾಗಿದೆ!’ ಎಂದು ನಕ್ಕು ಬರೆದುಕೊಂಡಳು. ‘ಮಾತಾಡೋದು ನಾವು ಇಂಪ್ರೂವ್ ಮಾಡಿಸಬಹುದು. ಆದ್ರೆ ಈ ತರ ವಿವರಿಸೋದು ಯಾರಿಗೂ ಬರಲ್ಲ’ ಎಂದಳು. ಆ ಕ್ಷಣದ ಸಂತೋಷದಲ್ಲಿ ಯಶೋದಾಳಿಗೆ ಪ್ರಿಯಾಂಕಾಳ ನೆನಪೇ ಇರಲಿಲ್ಲ. ಐದೂವರೆಗೆ ಮೇಲ್ ಬಂತು. ಆಯ್ಕೆಯಾಗಿದ್ದೀರಿ, ಮುಂದಿನ ವಾರದಿಂದ ತರಗತಿ. ಎರಡು ಸಲ ಓದಿದಳು. ಕಾಂತರಾಜನಿಗೆ ಫೋನು ಮಾಡಿದಾಗ ಮಂಡಿಯ ಗಲಾಟೆಯ ನಡುವೆ ಅವನು, ‘ಯಾವ್ದು? ಮೆಂತೆದಾ? ಸರಿ ಸರಿ, ಬತ್ತೀನಿ ಇಡು’ ಎಂದ. ಫೋನು ಕೆಳಗಿಟ್ಟ ಮೇಲೆ, ತವರಿನ ಬೊಟ್ಟು ಎಂದಾಗ ಆಕೆ ಹೇಗೆ ನಕ್ಕಳು, ಯಾಕೆ ನಕ್ಕಳು ಎಂಬುದನ್ನು ಹೇಳಿದರೆ ತಿಳಿಯುವಂಥವಳು ಈ ಮೂರು ತಾಲ್ಲೂಕಿನಲ್ಲಿ ಪ್ರಿಯಾಂಕಾ ಒಬ್ಬಳೇ ಎಂದು ಹೊಳೆಯಿತು. ಅವಳ ನಂಬರಿನ ಮೇಲೆ ಬೆರಳು ಹೋಗಿತ್ತು ಕೂಡ.

ಗೇಟು ಕಿರುಗುಟ್ಟಿತು. ಪ್ರಿಯಾಂಕಾ ಈ ಸಲ ಚಪ್ಪಲಿ ಬಿಡಲಿಲ್ಲ. ಜಗಲಿಯ ಮೆಟ್ಟಿಲ ಕೆಳಗೇ ನಿಂತಳು. ಕೆನ್ನೆಯ ಪೌಡರು ಪೂರ್ತಿ ಹೋಗಿತ್ತು.

‘ಹೋಯ್ತು ಮೇಡಂ.’

‘ಯಾಕೆ, ಏನಾಯ್ತೇ?’

‘ಅದೇ ಗೀಟು. ಅಲ್ಲ, ಗೀಟಿಗೆ ಹೋಗ್ಲಿಲ್ಲ. ಅವ್ರು ತಪ್ಪು ಅಂದ್ರು. ಒಪ್ಕೊಂಡ್ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ವೇನೋ. ನಾನು ಇಲ್ಲ ಅಂದೆ. ನಮ್ ಮೇಡಂ ನೋಡಿದಾರೆ, ಅವ್ರು ಬರವಣಿಗೇಲಿ ಯಾವತ್ತೂ ತಪ್ಪಲ್ಲ ಅಂದೆ. ಮೂರ್ಸಲ ಅಂದೆ ಮೇಡಂ. ಆಮೇಲೆ ಅವ್ರು ಪುಸ್ತಕ ತೆಗ್ದು ತೋರ್ಸಿದ್ರು.’ ಒಂದು ಸಲ ಮೂಗು ಒರೆಸಿಕೊಂಡಳು. ‘ತಪ್ಪು ಮಾಡೋರ್ನ ತಗೋಬಹುದು, ಒಪ್ಪದೇ ಇರೋರ್ನ ಆಗಲ್ಲ ಅಂದ್ರು.’

ಯಶೋದಾ ಕಂಬ ಹಿಡಿದುಕೊಂಡು ನಿಂತಿದ್ದಳು. ಸಮಾಧಾನದ ಮಾತು ಹುಡುಕಿದಳು. ಸಿಕ್ಕ ಒಂದೊಂದು ಮಾತೂ ಬಾಯಿಯ ಹತ್ತಿರ ಬರುವಷ್ಟರಲ್ಲಿ ನಾರುತ್ತಿತ್ತು. ಒಳಗೆ ಬಾ ಎನ್ನಬೇಕು ಎನಿಸಿತು, ಅನ್ನಲಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಬೈಕಿನ ಶಬ್ದ ಕೇಳಿಸಿದಾಗ, ಇವನು ಇಷ್ಟು ಬೇಗ ಯಾಕೆ ಬಂದ ಎಂದು ಭಯವಾಯಿತು. ಕಾಂತರಾಜ್ ಬೈಕಿಗೆ ಸ್ಟ್ಯಾಂಡು ಹಾಕಿ, ಹ್ಯಾಂಡಲಿಗೆ ಸಿಕ್ಕಿಸಿದ್ದ ಪೊಟ್ಟಣ ಬಿಡಿಸಿಕೊಳ್ಳುತ್ತಾ, ‘ಏನಮ್ಮಾ ಬೀರಯ್ಯನ ಮಗಳೇ, ಸರಿಯಾದ ಹೊತ್ಗೆ ಬಂದಿದೀಯ. ನಿಮ್ ಮೇಡಂಗೆ ಕೆಲ್ಸ ಸಿಕ್ತಂತೆ, ಸ್ವೀಟ್ ಕೊಟ್ಲೋ ಇಲ್ವೋ?’ ಎಂದ.

‘ಯಾವ ಕೆಲ್ಸ ಸಾರ್?’

‘ಅದೇ, ಆನ್‌ಲೈನಲ್ಲಿ ಭಾಷೆ ಕಲಿಸೋದು. ಮಧ್ಯಾಹ್ನ ಮೂರ್ ಗಂಟೆಗಿತ್ತಲ್ಲ ಇಂಟರ್‌ವ್ಯೂ. ಹೇಳಿಲ್ವಾ?’

ಪ್ರಿಯಾಂಕಾ ಯಶೋದಾಳನ್ನು ನೋಡಿದಳು. ಬೈಯುವುದಕ್ಕೆ ಬಾಯಿ ತೆರೆಯುತ್ತಾಳೆ ಎಂದು ಯಶೋದಾ ಕಾದಳು. ಬೈದಿದ್ದರೆ ತಾನೂ ನಾಲ್ಕು ಬೈಯಬಹುದಾಗಿತ್ತು, ಅದಕ್ಕೆ ಬೇಕಾದ್ದೆಲ್ಲ ಒಳಗೆ ಸಿದ್ಧವಿತ್ತು. ಹುಡುಗಿ ಬೈಯಲಿಲ್ಲ. ತರಗತಿಯಲ್ಲಿ ಅನುಮಾನ ಕೇಳುವ ದನಿಯಲ್ಲೇ ಕೇಳಿದಳು.

‘ಮೇಡಂ, ಒಂದೇ ಒಂದು ಹೇಳ್ಬಿಡಿ. ನನ್ ಡೆಮೋದ ಆ ಗೀಟಿನ ವಿಷ್ಯ ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?’

ಅವಳೇ ದಾರಿ ತೆರೆದುಕೊಟ್ಟಿದ್ದಳು. ಅಲ್ವಾ ಎಂಬಲ್ಲಿ ಬೇಡಿಕೆಯೂ ಇತ್ತು. ಇಲ್ಲ ಎಂದುಬಿಡಿ, ನಾನು ನಂಬಿಕೊಂಡು ಹೋಗುತ್ತೇನೆ ಎನ್ನುವ ಹಾಗೆ. ಇಲ್ಲ ಕಣೇ, ನಂಗೂ ಗೊತ್ತಿರಲಿಲ್ಲ. ನಾಲ್ಕು ಮಾತು. ಅಷ್ಟು ಅಂದರೆ ಹುಡುಗಿ ಒಂದು ವಾರ ಅತ್ತು, ಮುಂದಿನ ಭಾನುವಾರ ಮತ್ತೆ ಚಾಪೆಯ ಮೇಲೆ ಬಂದು ಕೂರುತ್ತಿದ್ದಳು. ಯಶೋದಾ ಬಾಯಿ ತೆರೆದಳು.

ಅಷ್ಟರಲ್ಲಿ ಕಾಂತರಾಜ್ ನಕ್ಕ. ಅವನಿಗೆ ವಿಷಯ ಏನೆಂದು ಗೊತ್ತಿರಲಿಲ್ಲ, ಹೆಂಡತಿ ಸಿಕ್ಕಿಬಿದ್ದಿದ್ದಾಳೆ ಎಂಬುದಷ್ಟೇ ಗೊತ್ತಾಗಿತ್ತು. ಅವನು ಅವಳ ಪರವಾಗಿಯೇ ಹೇಳಿದ್ದು. ‘ಅವ್ಳಿಗೇನು ಗೊತ್ತಿರ್ತದಮ್ಮಾ. ಇಪ್ಪತ್ತು ವರ್ಷದ ಹಿಂದೆ ಯಾವ್ದೋ ಸಂಜೆ ಕ್ಲಾಸಲ್ಲಿ ಕಲ್ತಿದ್ದು. ಅರ್ಧ ಮರ್ತಿರ್ತಾಳೆ, ಇನ್ನರ್ಧ ಮೊದ್ಲೇ ಬರ್ತಿರ್ಲಿಲ್ಲ.’

‘ಗೊತ್ತಿತ್ತು’ ಎಂದಳು ಯಶೋದಾ.

ಇಬ್ಬರೂ ಅವಳ ಕಡೆ ತಿರುಗಿದರು. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ಅದು ಪಶ್ಚಾತ್ತಾಪದ ದನಿಯಾಗಿರಲಿಲ್ಲ, ಅವಳಿಗೇ ಅದು ತಿಳಿಯುತ್ತಿತ್ತು. ‘ಚೆನ್ನಾಗೇ ಗೊತ್ತ್ರೀ ನಂಗೆ. ಮೈಸೂರಲ್ಲಿ ಮೊದಲ್ನೇ ವರ್ಷವೇ ಹೇಳ್ಕೊಟ್ಟಿದ್ರು. ಏಳನೇ ಸ್ಲೈಡು ನೋಡ್ದಾಗ್ಲೇ ತಪ್ಪು ಅಂತ ಕಾಣಿಸ್ತು. ಆ ನಿಯಮ ನಾನು ಒಂದು ದಿನಾನೂ ಮರ್ತಿಲ್ಲ.’

ಪ್ರಿಯಾಂಕಾಳ ತುಟಿ ಅಲ್ಲಾಡಿತು. ‘ಗೊತ್ತಿತ್ತಾ ನಿಂಗೆ’ ಎಂದಳು. ಪ್ರಶ್ನೆಯಲ್ಲ. ‘ನಿಂಗೆ’ ಎಂದದ್ದು ಬಾಯಿ ತಪ್ಪಿ ಅಲ್ಲವೆಂಬುದು, ಅವಳು ಆ ಮಾತನ್ನು ಹೇಳಿ ಕಣ್ಣು ಕೆಳಗೆ ಹಾಕದೆ ನಿಂತ ರೀತಿಯಿಂದ ತಿಳಿಯಿತು. ಬಳಿಕ ತಿರುಗಿ, ಗೇಟನ್ನು ಹಾಕದೆ, ಸ್ಟೇಷನ್ ರಸ್ತೆಯ ಕಡೆಗೆ ನಡೆದಳು. ಓಡಲಿಲ್ಲ, ಅಳಲಿಲ್ಲ. ಅವಳ ನೀಲಿ ಬಟ್ಟೆ ತಿರುವಿನಲ್ಲಿ ಮರೆಯಾಗುವವರೆಗೆ ಯಶೋದಾ ನೋಡುತ್ತಲೇ ಇದ್ದಳು. ಕೂಗಿ ಕರೆಯಬಹುದಾದಷ್ಟು ಹತ್ತಿರದಲ್ಲಿ ಅವಳು ಬಹಳ ಹೊತ್ತು ಇದ್ದಳು.

ಕಾಂತರಾಜ್ ಹತ್ತಿರ ಬಂದ. ಹೆಂಡತಿಯ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. ಈಗ ಅವನಿಗೆ ಎಲ್ಲ ಅರ್ಥವಾಗಿತ್ತು. ಒಂದೊಂದನ್ನೂ ಜೋಡಿಸಿಕೊಂಡಂತೆ ಅವನ ಕಣ್ಣುಗಳು ಅರಳುತ್ತಿದ್ದವು. ಹದಿನೆಂಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

‘ಪರವಾಗಿಲ್ವೇ! ತಪ್ಪು ಅಂತ ಗೊತ್ತಿದ್ದೂ ಸುಮ್ನೆ ಇದ್ಬಿಟ್ಯಾ?’ ಎಂದು ತಲೆದೂಗಿದ. ‘ಭಾಷೆ ಗೀಷೆ ಬಿಡು. ವ್ಯಾಪಾರ ಕಲ್ತಿದೀಯ ಕಣೇ ನೀನು.’

ಅದರಲ್ಲಿ ವ್ಯಂಗ್ಯವಿರಲಿಲ್ಲ, ಕುಟುಕಿರಲಿಲ್ಲ. ತನ್ನ ಪೈಕಿಯವರನ್ನು ಗುರುತಿಸಿದವನ ಗೌರವ ಅದು. ಯಶೋದಾ ಅವನ ಕೈಯಿಂದ ಸ್ವೀಟಿನ ಪೊಟ್ಟಣ ತೆಗೆದುಕೊಂಡಳು.

‘ಕೈಕಾಲು ತೊಳ್ಕೊಳ್ಳಿ, ಕಾಫಿಗಿಡ್ತೀನಿ’ ಎಂದಳು. ದನಿ ಎಂದಿನಂತೆಯೇ ಬಂತು.